ಹೆಜ್ಜೆಯ ಧಮ್ಮ: ಸುತ್ತುದಾರಿಯಲ್ಲಿ ನಡೆದು ಕಲಿತ ಪಾಠ

*ಇಂದಿನ ಧಮ್ಮ ಚಿಂತನೆ*



ಕೆಲವು ವಾರಗಳ ಹಿಂದೆ ನಮ್ಮ ಗುಂಪಿಗೆ ಒಂದು ವಿಡಿಯೊ ಬಂದಿತ್ತು. ಒಂದು ದೊಡ್ಡ ಚರ್ಚಿನ ಕಲ್ಲುಹಾಸಿನ ಮೇಲೆ ಸುತ್ತು ಸುತ್ತಾಗಿ ಬಿಡಿಸಿದ ದಾರಿ. ಅದರಲ್ಲಿ ಹತ್ತಾರು ಜನ ಮಾತಿಲ್ಲದೆ ನಿಧಾನವಾಗಿ ನಡೆಯುತ್ತಿದ್ದರು. ಅದಕ್ಕೆ ಲ್ಯಾಬಿರಿಂತ್ ಎನ್ನುತ್ತಾರೆ. ವಿಡಿಯೊ ನೋಡಿ ನಮ್ಮಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ವಿಜಯನಗರದ ಅಕ್ಕ ಒಬ್ಬರು, "ಕೂತ್ಕೊಂಡು ಧ್ಯಾನ ಮಾಡೋಕೆ ನನಗೆ ಮಂಡಿ ನೋವು. ಇದನ್ನ ನಾವೂ ಮಾಡಬಹುದಾ?" ಎಂದರು. ಕೆಂಗೇರಿಯ ನಿವೃತ್ತ ಕಂಡಕ್ಟರ್ ಅಣ್ಣ, "ಮೇಡಂ, ನವಗ್ರಹ ಸುತ್ತೋದು ಬಿಟ್ಟು ಇಲ್ಲಿಗೆ ಬಂದಿದ್ದೀವಿ. ಈಗ ಬೇರೆ ಹೆಸರಲ್ಲಿ ಮತ್ತೆ ಸುತ್ತಬೇಕಾ?" ಎಂದರು.

ಎರಡೂ ನ್ಯಾಯವಾದ ಪ್ರಶ್ನೆಗಳು. ಓದಿ ಉತ್ತರ ಹೇಳುವುದಕ್ಕಿಂತ ಒಮ್ಮೆ ಮಾಡಿ ನೋಡಿ ಹೇಳೋಣ ಎಂದುಕೊಂಡೆ. ಕಳೆದ ಭಾನುವಾರ ಮಾಡಿ ನೋಡಿದೆವು. ಅಲ್ಲಿ ನಾನು ಎಣಿಸದಿದ್ದ ಒಂದು ಪಾಠ ಸಿಕ್ಕಿತು. ಅದನ್ನು ಹೇಳುವ ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿಕೊಳ್ಳೋಣ.

*1. ದಾರಿ ತಪ್ಪಿಸುವ ದಾರಿ, ತಪ್ಪಿಸದ ದಾರಿ*

ಮಕ್ಕಳ ಪುಸ್ತಕದಲ್ಲಿ "ಮೊಲಕ್ಕೆ ಕ್ಯಾರೆಟ್ ತಲುಪಿಸಿ" ಎಂಬ ಆಟ ಇರುತ್ತದಲ್ಲ, ಅದರಲ್ಲಿ ಹತ್ತು ದಾರಿಗಳಿರುತ್ತವೆ, ಒಂಬತ್ತು ಕುರುಡು ದಾರಿಗಳು. ಲ್ಯಾಬಿರಿಂತ್ ಹಾಗಲ್ಲ. ಅದರಲ್ಲಿ ಇರುವುದು ಒಂದೇ ದಾರಿ, ಕವಲುಗಳಿಲ್ಲ. ಬಾಗುತ್ತದೆ, ಹಿಂತಿರುಗುತ್ತದೆ, ಆದರೆ ನಡೆಯುತ್ತಾ ಹೋದರೆ ನಡುವಿಗೆ ತಲುಪಿಯೇ ತಲುಪುತ್ತೇವೆ. ಬಂದ ದಾರಿಯಲ್ಲೇ ತಿರುಗಿ ನಡೆದರೆ ಹೊರಗೆ ಬರುತ್ತೇವೆ. ಕನ್ನಡದಲ್ಲಿ ಇದನ್ನು ನಾನು ಸುತ್ತುದಾರಿ ಎಂದು ಕರೆಯುತ್ತೇನೆ.

ಫ್ರಾನ್ಸಿನ ಶಾರ್ತ್ರ್ ಎಂಬ ಊರಿನ ಚರ್ಚಿನ ನೆಲದಲ್ಲಿ 13ನೇ ಶತಮಾನದ ಆರಂಭದಲ್ಲಿ ಮಾಡಿದ ಸುತ್ತುದಾರಿ ಇಂದಿಗೂ ಇದೆ. ಅದರ ಅಗಲ ಸುಮಾರು 13 ಮೀಟರ್ ಮಾತ್ರ. ಆದರೆ 11 ಸುತ್ತುಗಳ ಆ ದಾರಿಯನ್ನು ನಡೆದರೆ ಸುಮಾರು 260 ಮೀಟರ್ ಆಗುತ್ತದೆ. 1990ರ ದಶಕದಿಂದ ಅಮೆರಿಕದ ಚರ್ಚುಗಳಲ್ಲಿ, ಆಮೇಲೆ ಆಸ್ಪತ್ರೆ, ಉದ್ಯಾನಗಳಲ್ಲಿ ಇದು ಮನಸ್ಸನ್ನು ಶಾಂತಗೊಳಿಸುವ ನಡಿಗೆಯಾಗಿ ಮತ್ತೆ ಬಳಕೆಗೆ ಬಂತು.

ನಮ್ಮ ಕರ್ನಾಟಕದಲ್ಲೂ ಇದರ ಚಿತ್ರವಿದೆ. ಶಾಲೆಯ ಪ್ರವಾಸದಲ್ಲಿ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೆನಪಿಸಿಕೊಳ್ಳಿ. 12ನೇ ಶತಮಾನದ ಆ ಗೋಡೆಯ ಮೇಲೆ ಮಹಾಭಾರತದ ಯುದ್ಧದ ಸಾಲಿನಲ್ಲಿ ಚಕ್ರವ್ಯೂಹವನ್ನು ಸುತ್ತು ಸುತ್ತಾದ ದಾರಿಯಾಗಿಯೇ ಕೆತ್ತಿದ್ದಾರೆ. ಅಭಿಮನ್ಯುವಿನ ಕಥೆ ನಮಗೆಲ್ಲ ಗೊತ್ತು: ಒಳಗೆ ಹೋಗುವುದು ಗೊತ್ತಿತ್ತು, ಹೊರಗೆ ಬರುವುದು ಗೊತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

*2. ಬುದ್ಧರ ಚಂಕಮ*

ಸುತ್ತುದಾರಿ ಬೌದ್ಧರದ್ದಲ್ಲ. ಅದನ್ನು ಬೌದ್ಧರದ್ದು ಎಂದು ಹೇಳಿಕೊಳ್ಳುವ ಅಗತ್ಯವೂ ನಮಗಿಲ್ಲ. ನಮ್ಮದು ಚಂಕಮ. ಪಾಲಿಯ ಈ ಮಾತಿಗೆ ಅತ್ತಿಂದಿತ್ತ ನಡೆಯುವುದು ಎಂದೂ, ಹಾಗೆ ನಡೆಯಲು ಮಾಡಿಟ್ಟ ಜಾಗ ಎಂದೂ ಎರಡು ಅರ್ಥ. ವಿಹಾರಗಳಲ್ಲಿ ಅದು ಸಾಮಾನ್ಯವಾಗಿ ನೇರವಾದ ಸಣ್ಣ ದಾರಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ನಿಂತು, ತಿರುಗಿ, ಮತ್ತೆ ನಡೆಯುವುದು.

ಬೋಧಗಯಾಗೆ ಹೋಗಿ ಬಂದವರು ಮಹಾಬೋಧಿ ದೇವಾಲಯದ ಉತ್ತರ ಬದಿಯಲ್ಲಿ ಉದ್ದನೆಯ ಜಗಲಿಯೊಂದನ್ನು ನೋಡಿರುತ್ತೀರಿ. ಅದೇ ರತನ ಚಂಕಮ. ಜ್ಞಾನೋದಯವಾದ ಮೇಲೆ ಬುದ್ಧರು ಒಂದು ವಾರ ಅಲ್ಲಿ ನಡೆದರು ಎಂಬುದು ಪರಂಪರೆಯ ನಂಬಿಕೆ. ಹೆಜ್ಜೆಯ ನೆನಪಿಗೆ ಕಲ್ಲಿನ ತಾವರೆಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ಜ್ಞಾನೋದಯ ಕೂತಲ್ಲಿ ಆಯಿತು ನಿಜ. ಆಮೇಲೆ ಬುದ್ಧರು ಎದ್ದು ನಡೆದರು, ನಲವತ್ತೈದು ವರ್ಷ ಊರೂರಿಗೆ ನಡೆಯುತ್ತಲೇ ಇದ್ದರು.

ಅಂಗುತ್ತರ ನಿಕಾಯದ ಐದರ ನಿಪಾತದಲ್ಲಿ ಚಂಕಮ ಸುತ್ತ ಎಂಬ ಚಿಕ್ಕ ಸುತ್ತವಿದೆ. ನಡಿಗೆಯಿಂದ ಐದು ಪ್ರಯೋಜನ ಎಂದು ಬುದ್ಧರು ಅಲ್ಲಿ ಹೇಳುತ್ತಾರೆ. ನನ್ನ ಮಾತಿನಲ್ಲಿ ಹೇಳುವುದಾದರೆ: ದೂರದ ಪ್ರಯಾಣ ತಾಳುವ ಶಕ್ತಿ ಬರುತ್ತದೆ, ಸಾಧನೆಗೆ ಬೇಕಾದ ಶ್ರಮ ತಾಳುವ ಶಕ್ತಿ ಬರುತ್ತದೆ, ಕಾಯಿಲೆ ಕಡಿಮೆಯಾಗುತ್ತದೆ, ತಿಂದದ್ದು ಚೆನ್ನಾಗಿ ಜೀರ್ಣವಾಗುತ್ತದೆ, ನಡೆಯುತ್ತಾ ಪಡೆದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಐದರಲ್ಲಿ ನಾಲ್ಕು ದೇಹದ ಮಾತು, ಒಂದು ಮನಸ್ಸಿನ ಮಾತು. ಪುಣ್ಯದ ಮಾತು ಒಂದೂ ಇಲ್ಲ. ಸತಿಪಟ್ಠಾನ ಸುತ್ತದಲ್ಲೂ ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಅರಿವಿರಬೇಕು ಎಂಬುದೇ ಬೋಧನೆ. ಹಾಗಾಗಿ ವಿಜಯನಗರದ ಅಕ್ಕನಿಗೆ ನನ್ನ ಉತ್ತರ: ಖಂಡಿತ ಮಾಡಬಹುದು. ಮಂಡಿ ನೋವಿದ್ದವರು ಕೂರಲೇಬೇಕೆಂದಿಲ್ಲ.

ಆದರೆ ಅತಿ ಮಾಡಬಾರದು. ಸೋಣ ಎಂಬ ಶ್ರೀಮಂತರ ಮಗ ಭಿಕ್ಖುವಾಗಿ, ಹಟ ಹಿಡಿದು ನಡೆದು ನಡೆದು ಕಾಲು ಒಡೆದು, ಚಂಕಮದ ದಾರಿಯೆಲ್ಲ ರಕ್ತವಾಯಿತು. ಬುದ್ಧರು ಅವನಿಗೆ ವೀಣೆಯ ತಂತಿಯ ಉಪಮೆ ಹೇಳಿದರು: ತೀರ ಬಿಗಿದರೂ ನಾದವಿಲ್ಲ, ತೀರ ಸಡಿಲವಾದರೂ ಇಲ್ಲ. ವಿನಯ ಪಿಟಕದಲ್ಲಿ ಇದರ ಮುಂದಿನ ಭಾಗವೂ ಇದೆ. ಬುದ್ಧರು ಸೋಣನಿಗೆ ಒಂದೇ ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೊಟ್ಟರು. ನನಗೊಬ್ಬನಿಗೇ ಬೇಡ, ಇಡೀ ಸಂಘಕ್ಕೆ ಕೊಟ್ಟರೆ ನಾನೂ ಹಾಕುತ್ತೇನೆ ಎಂದ ಸೋಣ. ಬುದ್ಧರು ಎಲ್ಲ ಭಿಕ್ಖುಗಳಿಗೂ ಅನುಮತಿ ಕೊಟ್ಟರು. ಚಪ್ಪಲಿ ಎಲ್ಲರಿಗೂ ಅಥವಾ ಯಾರಿಗೂ ಇಲ್ಲ. ಇದು ಸಂಘದ ಸಮತೆ.

*3. ಸುತ್ತುವುದಕ್ಕೂ ನಡೆಯುವುದಕ್ಕೂ ಇರುವ ವ್ಯತ್ಯಾಸ*

ಈಗ ಕೆಂಗೇರಿಯ ಅಣ್ಣನ ಪ್ರಶ್ನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ತೆಗೆದುಕೊಂಡ ನಾವು ಈ ಪ್ರಶ್ನೆಯನ್ನು ಕೇಳಲೇಬೇಕು.

ನವಗ್ರಹ ಸುತ್ತುವವರು ಎಣಿಸುವುದು ಸುತ್ತುಗಳನ್ನು. ಒಂಬತ್ತು ಸುತ್ತು ಹಾಕಿದರೆ ಶನಿ ಬಿಡುತ್ತಾನೆ ಎಂಬ ಲೆಕ್ಕ ಅದು. ಕಾಲು ಸುತ್ತುತ್ತಿರುತ್ತದೆ, ಮನಸ್ಸು ಹರಕೆಯ ಮೇಲಿರುತ್ತದೆ. ನಡುವೆ ಇರುವವನು ನಮಗೆ ಏನಾದರೂ ಕೊಡಬೇಕು. ಸುತ್ತುದಾರಿಯ ನಡುವೆ ಯಾರೂ ಇಲ್ಲ. ಅಲ್ಲಿ ವಿಗ್ರಹವಿಲ್ಲ, ತೀರ್ಥವಿಲ್ಲ, ಹುಂಡಿ ಇಲ್ಲ. ನಡುವೆ ತಲುಪಿದಾಗ ಅಲ್ಲಿ ನಿಲ್ಲುವುದು ನಾವೇ. ಗಮನ ಇರುವುದು ಹೆಜ್ಜೆಯ ಮೇಲೆ.

ಹಾಗಾದರೆ ಬೌದ್ಧರಲ್ಲಿ ಪ್ರದಕ್ಷಿಣೆ ಇರಲಿಲ್ಲವೇ? ಇತ್ತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ಮಹಾಸ್ತೂಪದ ಸುತ್ತಲೂ ನಡೆಯುವ ದಾರಿ ಇತ್ತು. ಸ್ತೂಪಕ್ಕೆ ಹೊದಿಸಿದ್ದ ಕಲ್ಲುಗಳ ಮೇಲೆ ಬುದ್ಧರ ಜೀವನ, ಜಾತಕ ಕಥೆಗಳು. ರಾಣಿಯೊಂದಿಗೆ ನಿಂತ ಅಶೋಕನ ಶಿಲ್ಪ, ಹೆಸರು ಕೆತ್ತಿದ ಶಿಲ್ಪ, ಸಿಕ್ಕಿದ್ದು ಅಲ್ಲೇ. ಅಲ್ಲಿ ನಡೆದವರು ನಡೆಯುತ್ತಾ ನೋಡುತ್ತಿದ್ದರು, ನೋಡುತ್ತಾ ಕಲಿಯುತ್ತಿದ್ದರು. ಕಲಿಯುವುದಕ್ಕಾಗಿ ನಡೆದರೆ ಅದು ಧಮ್ಮ. ಬೇಡುವುದಕ್ಕಾಗಿ ಸುತ್ತಿದರೆ, ನಡುವೆ ಬುದ್ಧರ ಮೂರ್ತಿಯೇ ಇದ್ದರೂ, ಅದು ಹಳೆಯ ಹರಕೆಯೇ. ಅಣ್ಣ ಎಚ್ಚರಿಸಿದ್ದು ಒಳ್ಳೆಯದೇ ಆಯಿತು.

*4. ನಮ್ಮ ಕಾಲುಗಳ ಚರಿತ್ರೆ*

ಬೇರೆಯವರಿಗೆ ನಡಿಗೆ ಎಂದರೆ ವ್ಯಾಯಾಮ ಇರಬಹುದು, ಶಾಂತಿ ಇರಬಹುದು. ನಮಗೆ ಅದರ ಹಿಂದೆ ಒಂದು ಚರಿತ್ರೆ ಇದೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂಬುದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ' ಕೃತಿಯಲ್ಲಿ ದಾಖಲಿಸಿದ್ದಾರೆ. ತಾವು ತುಳಿದ ಧೂಳನ್ನು ತಾವೇ ಗುಡಿಸಿಕೊಂಡು ಹೋಗಬೇಕು, ಅದನ್ನು ಸವರ್ಣ ಹಿಂದೂ ತುಳಿಯಬಾರದು. ಹೆಜ್ಜೆ ಗುರುತು ಕೂಡ ಮೈಲಿಗೆ! 1924–25ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಚವದಾರ್ ಕೆರೆಗೆ ಹೋದದ್ದೂ ನಡೆದೇ. ನೀರು ಮುಟ್ಟುವ ಮೊದಲು ಅವರು ಊರಿನ ಬೀದಿಯಲ್ಲಿ ತಲೆಯೆತ್ತಿ ನಡೆದರು.

ಪುಸ್ತಕದ ಮಾತು ಸಾಕು. ನಮ್ಮ ಅಪ್ಪನಿಗೆ ಈಗ 76. ಹುಡುಗನಾಗಿದ್ದಾಗ ಊರಿನ ಬೀದಿಯಲ್ಲಿ ಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಎದುರಿಗೆ ಯಾರಾದರೂ ಬಂದರೆ ಚರಂಡಿ ಕಡೆಗೆ ಇಳಿದು, ಅವರು ದಾಟುವವರೆಗೆ ನಿಂತಿರುತ್ತಿದ್ದರಂತೆ. ಇದನ್ನು ಅವರು ದೂರಿನಂತೆ ಹೇಳಿದವರಲ್ಲ, "ಆವಾಗ ಹಂಗಿತ್ತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಬೆಂಗಳೂರಿಗೆ ಬಂದು ಐವತ್ತು ವರ್ಷವಾಯಿತು. ಬಸವೇಶ್ವರನಗರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಮಾಡುತ್ತಾರೆ.

ಈಗ ಇನ್ನೊಂದು ಚಿತ್ರ ನೋಡಿ. ಥೇರಗಾಥೆಯಲ್ಲಿ ಸೋಪಾಕ ಥೇರರ ಗಾಥೆಗಳಿವೆ. ಸೋಪಾಕ ಎಂಬ ಹೆಸರೇ ಬೈಗುಳ. ಸಂಸ್ಕೃತದ 'ಶ್ವಪಾಕ', ನಾಯಿಯನ್ನು ಬೇಯಿಸಿ ತಿನ್ನುವವನು ಎಂದು ಅರ್ಥ. ಸ್ಮೃತಿಗಳು ಊರ ಹೊರಗಿಟ್ಟ ಜನ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೆಳಗಿನವರ ಧಮ್ಮ ಸ್ವೀಕಾರ ಹೇಳುವಾಗ ಉಪಾಲಿ, ಸುನೀತರ ಜೊತೆ ಸೋಪಾಕನನ್ನೂ ಸೇರಿಸಿದ್ದಾರೆ. ಗಾಥೆಯಲ್ಲಿ ಸೋಪಾಕ ತನ್ನ ಕಥೆ ತಾನೇ ಹೇಳುತ್ತಾನೆ. ಮಹಡಿ ಕಟ್ಟಡದ ನೆರಳಲ್ಲಿ ಬುದ್ಧರು ಚಂಕಮ ಮಾಡುತ್ತಿದ್ದರು. ಇವನು ಹತ್ತಿರ ಹೋಗಿ ವಂದಿಸಿದ. ಆಮೇಲೆ ಅದೇ ದಾರಿಯಲ್ಲಿ ಅವರ ಹಿಂದೆಯೇ ನಡೆಯತೊಡಗಿದ. ಬುದ್ಧರು ಪ್ರಶ್ನೆಗಳನ್ನು ಕೇಳಿದರು, ಹುಡುಗ ಅಂಜದೆ ಉತ್ತರಿಸಿದ, ಉಪಸಂಪದೆ ಸಿಕ್ಕಿತು. ಆಗ ಅವನಿಗೆ ಏಳು ವರ್ಷ.

ನಮ್ಮ ಎರಡನೇ ತರಗತಿಯ ಮಕ್ಕಳ ವಯಸ್ಸು! ಯಾರ ನೆರಳು ಬೀಳಬಾರದು ಎಂದು ಸಮಾಜ ಹೇಳಿತ್ತೋ ಅಂಥ ಮಗು ಲೋಕಗುರುವಿನ ದಾರಿಯಲ್ಲೇ ಹೆಜ್ಜೆ ಹಾಕಿತು. ಬುದ್ಧರು ಪಕ್ಕಕ್ಕೆ ಹೋಗು ಎನ್ನಲಿಲ್ಲ. ಚಂಕಮ ಧ್ಯಾನದ ಜಾಗವಷ್ಟೇ ಅಲ್ಲ, ಸಮತೆಯ ಜಾಗವೂ ಹೌದು ಎಂದು ನಾನು ಹೇಳುವುದು ಇದಕ್ಕೇ.

*5. ತಾರಸಿಯ ಮೇಲೆ ನಡೆದದ್ದು*

ಭಾನುವಾರ ವಿಜಯನಗರದ ಅಕ್ಕನ ಮನೆಯ ತಾರಸಿಯ ಮೇಲೆ ಸೇರಿದೆವು. ಮಕ್ಕಳೂ ಸೇರಿ ಹದಿನಾಲ್ಕು ಜನ. ಸೀಮೆಸುಣ್ಣದಲ್ಲಿ ಮೂರು ಸುತ್ತಿನ ದಾರಿ ಬರೆದೆವು. ಚುಕ್ಕಿ ರಂಗೋಲಿ ಗೊತ್ತಿದ್ದವರಿಗೆ ಇದು ಸುಲಭ. ತ್ರಿಸರಣ, ಪಂಚಶೀಲ ಹೇಳಿ, ಚಪ್ಪಲಿ ಹಾಕಿಕೊಳ್ಳುವವರು ಹಾಕಿಕೊಂಡೇ ನಡೆಯಬಹುದು ಎಂದೆ. ಒಬ್ಬೊಬ್ಬರಾಗಿ ಒಳಗೆ ಹೊರಟರು.

ಈ ದಾರಿಯಲ್ಲಿ ಒಂದು ವಿಶೇಷ ಇದೆ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಅದೇ ದಾರಿ, ಅಗಲ ಎರಡೇ ಅಡಿ. ಆದ್ದರಿಂದ ಎಲ್ಲೋ ಒಂದು ಕಡೆ ಎದುರುಬದುರಾಗಲೇಬೇಕು.

ಅಪ್ಪ ನಡುವಿಗೆ ಹೋಗಿ, ಸ್ವಲ್ಪ ಹೊತ್ತು ನಿಂತು ವಾಪಸ್ ಬರುತ್ತಿದ್ದರು. ಎದುರಿಗೆ ಅಕ್ಕನ ಮಗಳು, ಎಂಟನೇ ಕ್ಲಾಸಿನ ಹುಡುಗಿ, ಒಳಗೆ ಹೋಗುತ್ತಿದ್ದಳು. ಇನ್ನೂ ನಾಲ್ಕು ಹೆಜ್ಜೆ ದೂರ ಇರುವಾಗಲೇ ಅಪ್ಪ ಗೆರೆ ದಾಟಿ, ದಾರಿಯಿಂದ ಹೊರಗೆ ಇಳಿದು, ತಲೆ ತಗ್ಗಿಸಿ ನಿಂತುಬಿಟ್ಟರು. ಎದುರಿಗೆ ಬರುತ್ತಿದ್ದುದು ಹದಿಮೂರು ವರ್ಷದ ನಮ್ಮದೇ ಮಗು. ಅವರನ್ನು ಅಲ್ಲಿ ಇಳಿಸಿದವರು ಯಾರು? ಅರವತ್ತು ವರ್ಷದ ಹಿಂದಿನ ಊರ ಬೀದಿ.

ಹುಡುಗಿ ನಿಂತಳು. "ತಾತ, ನೀವು ಯಾಕೆ ಇಳಿದ್ರಿ? ಬನ್ನಿ, ದಾರಿ ಮೇಲೆ ಬನ್ನಿ, ನಾನು ಪಕ್ಕಕ್ಕೆ ನಿಲ್ತೀನಿ" ಎಂದಳು. ಅಪ್ಪ ಒಂದು ಕ್ಷಣ ಕೆಳಗೆ ನೋಡಿದರು. ತಾವು ಗೆರೆಯ ಆಚೆ ನಿಂತಿರುವುದು ಆಗಲೇ ಅವರಿಗೆ ತಿಳಿದದ್ದು. ಮತ್ತೆ ದಾರಿಗೆ ಬಂದರು. ಇಬ್ಬರೂ ಸ್ವಲ್ಪ ಸ್ವಲ್ಪ ಓರೆಯಾಗಿ, ಒಬ್ಬರಿಗೊಬ್ಬರು ಕೈಮುಗಿದು ದಾಟಿದರು. ಯಾರೂ ದಾರಿಯಿಂದ ಇಳಿಯಲಿಲ್ಲ.

ಸಂಜೆ ಮನೆಗೆ ಬರುವಾಗ ಅಪ್ಪ ಆಟೋದಲ್ಲಿ, "ಪಾರ್ಕಲ್ಲೂ ನಾನು ಹಂಗೇ ಮಾಡ್ತೀನಿ ಕಣಮ್ಮ. ಇವತ್ತು ಗೊತ್ತಾಯ್ತು" ಎಂದರು. ಅಷ್ಟೇ. ಆಮೇಲೆ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ.

*6. ಇದರಿಂದ ತಿಳಿಯಬೇಕಾದದ್ದು*

ಅರಿವು ಎಂದರೆ ಏನೋ ಬೆಳಕು ಕಾಣುವುದಲ್ಲ. ಕಾಲು ತಾನಾಗಿ ಏನು ಮಾಡುತ್ತಿದೆ ಎಂಬುದು ಕಣ್ಣಿಗೆ ಬೀಳುವುದು. ಜಾತಿ ಕಾನೂನಿನಲ್ಲಿ ಹೋದರೂ, ಬಾಯಲ್ಲಿ ಹೋದರೂ, ಕಾಲಿನಲ್ಲಿ ಉಳಿದಿರುತ್ತದೆ. ಆಫೀಸಿನಲ್ಲಿ ಸಾಹೇಬರ ರೂಮಿನ ಬಾಗಿಲಲ್ಲಿ ತಾನಾಗಿ ಕುಗ್ಗುವ ಭುಜ, ಮದುವೆ ಮನೆಯಲ್ಲಿ ಕೊನೆಯ ಸಾಲು ಹುಡುಕುವ ಕಾಲು, ಸಭೆಯಲ್ಲಿ ಗೋಡೆ ಬದಿಯ ಕುರ್ಚಿಗೆ ಹೋಗುವ ದೇಹ. ಇವನ್ನು ನಾವು ವಿನಯ ಎಂದುಕೊಂಡಿರುತ್ತೇವೆ. ವಿನಯ ಎಂದರೆ ತಿಳಿದು ದಾರಿ ಬಿಡುವುದು. ತಿಳಿಯದೆ ದಾರಿ ಬಿಡುವುದು ಭಯ. ಎರಡರ ವ್ಯತ್ಯಾಸ ಗೊತ್ತಾಗುವುದು ನಿಧಾನವಾಗಿ, ಎಚ್ಚರವಾಗಿ ನಡೆದಾಗ.

ಇದರ ಇನ್ನೊಂದು ಮುಖವೂ ಇದೆ. ನಾವು ಯಾರನ್ನಾದರೂ ದಾರಿಯಿಂದ ಇಳಿಸುತ್ತಿದ್ದೇವೆಯೇ? ಬೆಳಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕ ತಾಯಿ ನಮ್ಮ ಸ್ಕೂಟರ್ ಕಂಡು ಪಕ್ಕಕ್ಕೆ ಸರಿದರೆ, ನಾವು ಗಮನಿಸುತ್ತೇವೆಯೇ? ಹೂಕಸ ಹೊರುತ್ತಿದ್ದ ಸುನೀತ ತನ್ನ ಗಾಥೆಯಲ್ಲಿ ನೆನೆಯುವುದು ಇದನ್ನೇ: ನನ್ನ ಮೇಲಿನ ಕರುಣೆಯಿಂದ ಬುದ್ಧರು ನಿಂತರು ಎಂದು. ನಡೆಯುವುದರಷ್ಟೇ, ನಿಲ್ಲಬೇಕಾದಲ್ಲಿ ನಿಲ್ಲುವುದೂ ಚಂಕಮ.

ಈಗ ಅಭಿಮನ್ಯುವಿಗೆ ಬರೋಣ. ಒಳಗೆ ಹೋಗಿ ಶಾಂತವಾಗಿ ಕೂತುಬಿಡುವ ಧ್ಯಾನ ಅವನ ವಿದ್ಯೆಯಂತೆ ಅರ್ಧ ವಿದ್ಯೆ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮ ಮನುಷ್ಯ ಮನುಷ್ಯರ ನಡುವಿನ ನಡತೆ. ನಡುವಿನಲ್ಲಿ ಕಲಿತದ್ದನ್ನು ಹಿಡಿದುಕೊಂಡು ಅದೇ ದಾರಿಯಲ್ಲಿ ಹೊರಗೆ ಬರಬೇಕು. ಎದುರಿಗೆ ಇನ್ನೊಬ್ಬರು ಸಿಗುವುದು ಆ ದಾರಿಯಲ್ಲೇ. ಪಾಠ ಇರುವುದೂ ಅಲ್ಲೇ.

*7. ಮಾಡುವ ಕ್ರಮ*

• ನೆಲದ ಮೇಲೆ ಒಂದು ಕೂಡುವ ಚಿಹ್ನೆ (+) ಬರೆಯಿರಿ. ಪ್ರತಿ ತೋಳೂ ಎರಡಡಿ ಇರಲಿ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಚುಕ್ಕಿ ಇಡಿ, ಚೌಕದ ಮೂಲೆಗಳಂತೆ.

• ಚಿಹ್ನೆಯ ಮೇಲಿನ ತುದಿಯನ್ನು ಬಲ ಮೇಲಿನ ಚುಕ್ಕಿಗೆ ಕಮಾನಿನಂತೆ ಸೇರಿಸಿ. ಎಡ ಮೇಲಿನ ಚುಕ್ಕಿಯನ್ನು ಆ ಕಮಾನಿನ ಮೇಲಿಂದ ತಂದು ಬಲ ತುದಿಗೆ ಸೇರಿಸಿ. ಎಡ ತುದಿಯನ್ನು ಅದರ ಮೇಲಿಂದ ತಂದು ಬಲ ಕೆಳಗಿನ ಚುಕ್ಕಿಗೆ ಸೇರಿಸಿ. ಎಡ ಕೆಳಗಿನ ಚುಕ್ಕಿಯನ್ನು ಎಲ್ಲದರ ಮೇಲಿಂದ ಸುತ್ತಿ ತಂದು ಕೆಳಗಿನ ತುದಿಗೆ ಸೇರಿಸಿ. ಕೆಳಗಿನ ತುದಿಗೂ ಎಡ ಕೆಳಗಿನ ಚುಕ್ಕಿಗೂ ನಡುವಿನ ಜಾಗವೇ ಬಾಗಿಲು. ಗೆರೆಗಳ ನಡುವೆ ಎಲ್ಲೆಡೆ ಎರಡಡಿ ಬಿಟ್ಟರೆ ಒಟ್ಟು ಅಗಲ ಸುಮಾರು ಹದಿನಾಲ್ಕು ಅಡಿ. ಮೊದಲು ಕಾಗದದ ಮೇಲೆ ಬರೆದು ನೋಡಿ.

• ಜಾಗ ಇಲ್ಲದಿದ್ದರೆ ಚಿಂತೆ ಬೇಡ. ಮನೆಯ ಪ್ಯಾಸೇಜಿನಲ್ಲಿ ಹತ್ತು ಹೆಜ್ಜೆಯ ನೇರ ದಾರಿ ಸಾಕು. ಬುದ್ಧರ ಚಂಕಮ ಅದೇ.

• ಹೆಜ್ಜೆ ಎತ್ತುವಾಗ ಎತ್ತುವುದು, ಮುಂದಿಡುವಾಗ ಮುಂದಿಡುವುದು, ಊರುವಾಗ ಊರುವುದು ತಿಳಿಯಲಿ. ಮನಸ್ಸು ಓಡಿದರೆ ಬೈದುಕೊಳ್ಳಬೇಡಿ, ಹೆಜ್ಜೆಗೆ ಕರೆದುಕೊಂಡು ಬನ್ನಿ.

• ನಡುವೆ ತಲುಪಿ ಮೂರು ಉಸಿರು ನಿಲ್ಲಿ. ಏನೂ ಬೇಡಬೇಡಿ. ಸಕಲ ಜೀವಿಗಳ ಬಗ್ಗೆ ಮೈತ್ರಿ ಭಾವನೆ ಮಾಡಿ, ಬಂದ ದಾರಿಯಲ್ಲೇ ಹಿಂತಿರುಗಿ.

• ಎದುರಿಗೆ ಯಾರಾದರೂ ಸಿಕ್ಕರೆ ಮುಖ ನೋಡಿ, ಕೈಮುಗಿಯಿರಿ. ಇಬ್ಬರೂ ಸ್ವಲ್ಪ ಸರಿಯಿರಿ. ಯಾರೂ ಇಳಿಯಬೇಡಿ.

• ತಲೆಸುತ್ತು ಇರುವವರು, ವಯಸ್ಸಾದವರು ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಸೋಣನ ವೀಣೆ ನೆನಪಿರಲಿ.

*ಇಂದಿನ ಅಭ್ಯಾಸ:* ಇವತ್ತು ಮನೆಯಿಂದ ಬಸ್ ಸ್ಟಾಪಿಗೋ ಮೆಟ್ರೋ ಸ್ಟೇಷನ್ನಿಗೋ ಹೋಗುವಾಗ ಮೊಬೈಲ್ ಚೀಲದಲ್ಲಿಡಿ. ನೂರು ಹೆಜ್ಜೆ ಮಾತ್ರ ಅರಿವಿನಿಂದ ನಡೆಯಿರಿ. ಯಾರಿಗೆ ದಾರಿ ಬಿಟ್ಟಿರಿ, ಯಾರು ನಿಮಗೆ ದಾರಿ ಬಿಟ್ಟರು, ಗಮನಿಸಿ.

*ಚಿಂತನೆಗೆ ಪ್ರಶ್ನೆ:* ನನ್ನ ದೇಹ ತಾನಾಗಿ ಪಕ್ಕಕ್ಕೆ ಸರಿಯುವುದು ಎಲ್ಲಿ, ಯಾರೆದುರು? ಅದು ವಿನಯವೋ ಭಯವೋ?

ಉತ್ತರವನ್ನು ಗುಂಪಿನಲ್ಲಿ ಹಾಕಬೇಕೆಂದಿಲ್ಲ. ನಿಮ್ಮ ಮನಸ್ಸಿಗೆ ಹೇಳಿಕೊಂಡರೆ ಸಾಕು.

ಕೊನೆಯದಾಗಿ ಒಂದು ಸುದ್ದಿ. ಇವತ್ತು ಬೆಳಗ್ಗೆ ಅಪ್ಪ ಪಾರ್ಕಿನಿಂದ ಬಂದು ಕಾಫಿ ಕುಡಿಯುತ್ತಾ ಹೇಳಿದರು: "ಎದುರಿಗೆ ಮೂರು ಜನ ಬಂದ್ರು. ನಾನು ಕಲ್ಲಿನ ದಾರಿ ಬಿಟ್ಟು ಇಳೀಲಿಲ್ಲ. ಅವರೂ ಸ್ವಲ್ಪ ಸರಿದ್ರು, ನಾನೂ ಸರಿದೆ. ಒಬ್ಬರು ನಮಸ್ಕಾರ ಅಂದ್ರು."

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈಭೀಮ್.